ನೆರಳೂರಿನ ಅರವತ್ತನಾಲ್ಕನೆಯ ಮನೆ

ಕ್ರಿ.ಶ. ೨೦೬೧ನೆಯ ಇಸವಿ ಜೂನ್ ಹದಿನಾಲ್ಕು, ಮಂಗಳವಾರ. ಹುಲಿಗೋನಾಳದ ಮೂಲ ಎಣಿಕೆಗೆ ಸೇರಿದವರಲ್ಲಿ ಆ ದಿನ ಬದುಕಿದ್ದವರು ಒಂದು ಸಾವಿರದ ನೂರ ಎಂಟು ಜನ. ಅದೇ ದಿನ, ಅದೇ ಊರಿನ ನೆರಳಿನಲ್ಲಿ ಬದುಕಿದ್ದವರು ಒಂದು ಸಾವಿರದ ಎಂಬತ್ತಾರು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಇಪ್ಪತ್ತೆರಡು. ಈ ಒಂದು ಅಂಕಿಯನ್ನು ತಿಳಿಯುವುದಕ್ಕಾಗಿ ಒಂಬತ್ತು ದೇಶಗಳ ಒಕ್ಕೂಟವು ಐದು ವರ್ಷ ಸಿಹಿನೀರಿನ ನೆರವು ಕೊಟ್ಟಿತ್ತು. ವಿಶ್ವವಿದ್ಯಾಲಯದ ಮಾನವಾಭಿವೃದ್ಧಿ ವಿಭಾಗವು ಐದು ವರ್ಷ ಲೆಕ್ಕ ಮಾಡಿತ್ತು.

ನೆರವಿನಿಂದ ಒಳ್ಳೆಯದಾಯಿತೆಂದು ಹೇಳುವುದು ಸುಲಭ. ನೆರವಿಲ್ಲದಿದ್ದರೆ ಏನಾಗುತ್ತಿತ್ತೆಂದು ಹೇಳದ ಹೊರತು ಆ ಮಾತಿಗೆ ತೂಕವಿಲ್ಲ. ಹಿಂದಿನವರು ಇದಕ್ಕಾಗಿ ಯಾವುದಾದರೂ ಒಂದು ಊರನ್ನು ನೆರವಿಲ್ಲದೆ ಬಿಟ್ಟು ಹೋಲಿಸಿ ನೋಡುತ್ತಿದ್ದರು. ಅದು ಅಮಾನುಷವೆಂದು ನಿಷೇಧವಾದ ಮೇಲೆ ನೆರಳು ಬಂತು. ನೆರವು ಆರಂಭವಾಗುವ ಮೊದಲು ಊರಿನ ಪ್ರತಿಯೊಬ್ಬರನ್ನೂ ಎಣಿಸಿ, ಅಳೆದು, ತೂಗಿ ಯಂತ್ರಕ್ಕೆ ಕೊಡುತ್ತಿದ್ದರು. ಅಂದಿನಿಂದ ಯಂತ್ರವು ಆ ಊರನ್ನು ನೆರವಿಲ್ಲದೆ ದಿನಕ್ಕೊಂದು ದಿನದಂತೆ ಮುಂದೆ ನಡೆಸುತ್ತಿತ್ತು. ಅದೇ ಬಿಸಿಲು, ಅದೇ ಮಳೆ, ಅದೇ ಜೋಳದ ಧಾರಣೆ, ಅದೇ ಬಾವಿಯ ಫ್ಲೋರೈಡ್ ನೀರು. ಅಲ್ಲಿ ಮುಖಗಳಿರಲಿಲ್ಲ, ದನಿಗಳಿರಲಿಲ್ಲ. ಮನೆಯ ಸಂಖ್ಯೆ, ಆಳಿನ ಸಂಖ್ಯೆ, ಎತ್ತರ, ತೂಕ, ಹಲ್ಲು, ಮಂಡಿ, ಇಷ್ಟೇ. ವಿಭಾಗದವರು ಅದನ್ನು ನೆರಳೂರು ಎಂದು ಕರೆಯುತ್ತಿದ್ದರು.

ಇಪ್ಪತ್ತೆರಡು ಎಂಬುದು ಉಳಿಕೆಯ ಅಂಕಿ. ನೆರಳಿನಲ್ಲಿ ಸತ್ತು ಊರಿನಲ್ಲಿ ಬದುಕಿದ್ದವರು ಇಪ್ಪತ್ಮೂರು. ಊರಿನಲ್ಲಿ ಸತ್ತು ನೆರಳಿನಲ್ಲಿ ಬದುಕಿದ್ದವರು ಒಬ್ಬರು. ಆ ಒಬ್ಬರು ಅರವತ್ತನಾಲ್ಕನೆಯ ಮನೆಯ ನಾಲ್ಕನೆಯ ಆಳು, ಹೆಣ್ಣು. ನೆರವಿನ ಎರಡನೆಯ ವರ್ಷ, ತನ್ನ ಆರನೆಯ ವಯಸ್ಸಿನಲ್ಲಿ, ಓಣಿಯಲ್ಲಿ ಸಿಹಿನೀರು ಹಂಚುವ ಬಂಡಿಗೆ ಸಿಕ್ಕಿ ಸತ್ತವಳು.

ಆ ಬಂಡಿಗೆ ಚಾಲಕನಿರಲಿಲ್ಲ. ಊರವರು ಅದಕ್ಕೆ ದೆವ್ವದ ಬಂಡಿ ಎಂದು ಹೆಸರಿಟ್ಟಿದ್ದರು. ಎಣಿಕೆಗೆ ಸೇರಿದ ಪ್ರತಿಯೊಬ್ಬರಿಗೂ ಒಕ್ಕೂಟವು ಒಂದು ಕಡಗ ಕೊಟ್ಟಿತ್ತು. ಕಡಗವು ಹತ್ತಿರ ಬಂದರೆ ಬಂಡಿ ನಿಲ್ಲುತ್ತಿತ್ತು. ಕಡಗವಿಲ್ಲದ್ದೆಲ್ಲ ಆಡು, ಕೋಳಿ, ನಾಯಿ ಎಂದು ಅದರ ತಿಳಿವಳಿಕೆ. ಅಂಥವಕ್ಕೆಲ್ಲ ನಿಂತರೆ ನೀರು ಹೊತ್ತಿಗೆ ಮುಟ್ಟದು. ಅವು ತಾವಾಗಿ ಸರಿಯುತ್ತವೆ ಎಂದು ಮಾಡಿದವರು ನಂಬಿದ್ದರು. ಸತ್ತ ಹುಡುಗಿಯ ಕೈಯಲ್ಲಿ ಕಡಗವಿರಲಿಲ್ಲ. ಆಟದಲ್ಲಿ ಕಳಚಿಬಿದ್ದಿರಬೇಕೆಂದು ತನಿಖೆ ಮುಗಿದಿತ್ತು.

ಒಪ್ಪಂದದಲ್ಲಿ ನೋಡುವ ಹಕ್ಕು ಎಂಬ ಒಂದು ಷರತ್ತಿತ್ತು. ತಿಂಗಳ ಎರಡನೆಯ ಮಂಗಳವಾರ ಊರಿನ ಯಾರು ಬೇಕಾದರೂ ವಿಭಾಗಕ್ಕೆ ಬಂದು ನೆರಳಿನಲ್ಲಿ ತಮ್ಮ ಮನೆಯನ್ನು ನೋಡಬಹುದು. ತಾವು ಏನನ್ನು ತಪ್ಪಿಸಿಕೊಂಡೆವೆಂದು ಜನರಿಗೆ ತಿಳಿಯಲಿ ಎಂಬುದು ಉದ್ದೇಶ. ಮೊದಲ ವರ್ಷ ಬಹಳ ಜನ ಬಂದರು, ತಮ್ಮ ಮಕ್ಕಳ ಮಂಡಿಗಳು ಬಗ್ಗಿದ ಗೆರೆಯನ್ನು ಕಂಡು ಕೈಮುಗಿದು ಹೋದರು. ಎರಡನೆಯ ಸಲ ಯಾರೂ ಬರಲಿಲ್ಲ. ಬರುವುದನ್ನು ಬಿಡದವಳು ಅಮರಮ್ಮ ಒಬ್ಬಳೇ, ಸತ್ತ ಹುಡುಗಿಯ ತಾಯಿ.

ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಹನ್ನೊಂದು ಗಂಟೆಗೆ ಲೆಕ್ಕದ ಕೋಣೆಯ ಬಾಗಿಲಲ್ಲಿ ಚಪ್ಪಲಿ ಕಳೆದು ನಿಲ್ಲುತ್ತಿದ್ದಳು. ನೆರಳೂರನ್ನು ನಡೆಸುತ್ತಿದ್ದವರು ಡಾ. ಮೌಲಾಸಾಬ್ ನದಾಫ್, ನಲವತ್ತೆಂಟು ವಯಸ್ಸಿನ, ಹೆಚ್ಚು ಮಾತಾಡದ ಮನುಷ್ಯ. ಅವರು ಎದ್ದು ಕುರ್ಚಿ ಸರಿಸಿ, ಪರದೆಯ ಮೇಲೆ ನಾಲ್ಕು ಗೆರೆ ತೆರೆಯುತ್ತಿದ್ದರು. ಆ ಗೆರೆಗಳನ್ನು ಓದುವುದನ್ನು ಅವಳು ಕಲಿತುಬಿಟ್ಟಿದ್ದಳು.

"ನೂರಾ ಮೂವತ್ತು ಆಗ್ಯಾಳ, ಹೌದಲ್ರೀ ಸರ?"

"ಹೌದಮ್ಮ. ನೂರಾ ಮೂವತ್ತು ಸೆಂಟಿಮೀಟರ್."

"ಹೋದ ತಿಂಗಳಿಗಿಂತ ಅರ್ಧ ಹೆಚ್ಚು. ಲಂಗಾ ಗಿಡ್ಡ ಆಗಿರ್ತದ ನೋಡ್ರಿ." ಅವಳು ನಕ್ಕಳು. ಆಮೇಲೆ ಕೊನೆಯ ಗೆರೆಯ ಕಡೆಗೆ ಬೆರಳು ಮಾಡಿದಳು. "ಇದು ಯಾಕ್ರೀ ಕೆಂಪಗಾಗೈತಿ?"

"ಮಂಡಿ ಅದು. ಬಾವಿ ನೀರು ಕುಡದು ಎಲುಬು ಬಗ್ಗಾಕತ್ಯಾವ."

"ನಮ್ಮತ್ತಿ ನಡೀತಾಳಲ್ರೀ, ಹಂಗ?"

"ಮುಂದ ಹಂಗ ಆಗಬಹುದು."

ಅಮರಮ್ಮ ಸೆರಗು ಸರಿಮಾಡಿಕೊಂಡು, ಅಂಗಡಿಯಲ್ಲಿ ಸಾಮಾನು ಕೇಳುವವಳಂತೆ ಕೇಳಿದಳು: "ಆಕಿಗೆ ಒಂದು ಕೊಡ ಸಿಹಿನೀರ ಕೊಡ್ರಿ ಸರ. ದಿನಕ್ಕೊಂದು. ಊರಿಗೆಲ್ಲ ಬ್ಯಾಡ, ಆಕಿ ಒಬ್ಬಾಕಿಗಿ ಸಾಕು."

"ಆಗೂದಿಲ್ಲಮ್ಮ. ನೆರಳಿನೊಳಗ ನಮ್ಮ ನೀರು ಒಂದು ಹನಿ ಹೋದ್ರೂ ಅದು ನೆರಳಾಗಿ ಉಳಿಯೂದಿಲ್ಲ. ಐದು ವರ್ಷದ ಲೆಕ್ಕ ಕೆಡ್ತದ. ಈ ಲೆಕ್ಕ ನೋಡೇ ಇನ್ನ ನಲವತ್ತೊಂದು ಊರಿಗೆ ನೀರು ಕೊಡೋರದಾರ."

"ನಿಮ್ಮ ಬಂಡಿ ಬರಲಾರದ ಊರಾಗ ನನ್ನ ಮಗಳು ಬದುಕ್ಯಾಳ. ನಿಮ್ಮ ನೀರು ಬರಲಾರದ್ದಕ್ಕ ಕುಂಟಾಕತ್ಯಾಳ. ಬಂಡಿ ಬ್ಯಾಡ್ರಿ. ನೀರಷ್ಟ ಕಳಸ್ರಿ."

ನದಾಫರು ಹೇಳಲೇಬೇಕಾದ ಮತ್ತೊಂದು ಮಾತಿತ್ತು. ಅದನ್ನೂ ಆಗಲೇ ಹೇಳಿದರು. "ಅಧ್ಯಯನದ ಅವಧಿ ಮುಗೀತಮ್ಮ. ಮೂವತ್ತನೇ ತಾರೀಖಿಗೆ ನೆರಳೂರು ಮುಚ್ತದ."

"ಮುಚ್ಚೂದಂದ್ರ? ಆಕಿ ಎಲ್ಲಿರ್ತಾಳ?"

ನದಾಫರು ಪರದೆಯ ಮೇಲಿನ ಗೆರೆಗಳನ್ನು ಮುಚ್ಚಿದರು.

"ಹಂಗಾದ್ರ ಹದಿನಾರು ದಿನ ಉಳೀತು. ಹದಿನಾರ ಕೊಡ ಕೇಳಾಕತ್ತೀನ್ರಿ ನಾ, ಹೆಚ್ಚಿಗಿಲ್ಲ," ಎಂದು ಅಮರಮ್ಮ ಎದ್ದಳು.

ಹುಲಿಗೋನಾಳದ ಅರವತ್ತನಾಲ್ಕನೆಯ ಮನೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಗೀಟುಗಳಿದ್ದವು. ಕೆಳಗಿನ ಕೆಲವು ಮಗಳು ಈರಿ ಬದುಕಿದ್ದಾಗ ಅವಳನ್ನು ನಿಲ್ಲಿಸಿ ಎಳೆದವು. ಮೇಲಿನವು ಅಮರಮ್ಮ ಲೆಕ್ಕದ ಕೋಣೆಯಿಂದ ತಂದ ಅಳತೆಗಳು. ಆ ಸಂಜೆ ಅವಳು ಬಂದವಳೇ ಟೇಪು ಹಿಡಿದು ನೂರ ಮೂವತ್ತಕ್ಕೆ ಹೊಸ ಗೀಟು ಎಳೆದಳು. ಗಂಡ ತಿಮ್ಮಣ್ಣ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿದ್ದವಳು ಅತ್ತೆ ದುರುಗಮ್ಮ. ಅವಳ ಎರಡು ಮಂಡಿಗಳೂ ಹೊರಕ್ಕೆ ಬಾಗಿ, ನಡೆದರೆ ತೊಟ್ಟಿಲು ತೂಗಿದಂತೆ ಕಾಣುತ್ತಿತ್ತು. ನಾಲಿಗೆ ಮಾತ್ರ ನೆಟ್ಟಗಿತ್ತು.

"ಇಲ್ಲದಾಕಿ ಎತ್ತರ ಅಳೀತಿ. ಇದ್ದಾಕಿ ಇಲ್ಲಿ ಉಂಡಾಳೋ ಬಿಟ್ಟಾಳೋ ಕೇಳವಲ್ಲಿ."

"ನೀ ಉಣ್ಣಲಾರದ ಇರಾಕಿ ಅಲ್ಲ ಬಿಡತ್ತಿ. ಬುಟ್ಟ್ಯಾಗಿನ ರೊಟ್ಟಿ ಎಣಿಸಿದ್ರ ತಿಳೀತದ."

"ಎಣಿಸು, ಎಣಿಸು. ಊರಿಗೆ ಊರೇ ಎಣಿಸಾಕ ಕಲತೈತಿ."

ಅಮರಮ್ಮ ಗೀಟಿನ ಮೇಲೆ ಅಂಗೈ ಇಟ್ಟು ನಿಂತಳು. "ಆಕಿ ಮಂಡಿ ಬಗ್ಗಾಕತ್ಯಾವಂತತ್ತಿ. ನಿನ್ನಂಗ ಆಗ್ತಾಳಂತ. ಒಂದು ಕೊಡ ನೀರು ಕೇಳಿದ್ನಿ. ಕೊಡೂದಿಲ್ಲಂದ್ರು."

ರೊಟ್ಟಿಯನ್ನು ಮುರಿದು ತಟ್ಟೆಯಲ್ಲಿ ಇಟ್ಟಿದ್ದ ದುರುಗಮ್ಮ ಅದನ್ನು ಹಾಗೆಯೇ ಮುಚ್ಚಿಟ್ಟಳು. ಸೊಸೆ ಅದನ್ನು ಕಂಡು, ವಯಸ್ಸಾಯಿತು, ಹಸಿವು ಕಡಿಮೆ ಎಂದುಕೊಂಡಳು.

ಇತ್ತ ನದಾಫರು ಮರುದಿನ, ಮಾಡಬಾರದೆಂದು ತಾವೇ ಹೇಳಿದ್ದ ಕೆಲಸವನ್ನು ಮಾಡಬಹುದೇ ಎಂದು ನೋಡುವುದಕ್ಕಾಗಿ, ಅರವತ್ತನಾಲ್ಕರ ನಾಲ್ಕನೆಯ ಆಳಿನ ದಿನವಹಿ ಅಳತೆಗಳನ್ನು ತೆಗೆದರು. ಅಲ್ಲಿಯವರೆಗೆ ಅವರು ತಿಂಗಳ ಗೆರೆಯನ್ನಷ್ಟೇ ಕಂಡಿದ್ದರು. ಬೇರೆ ಮಕ್ಕಳ ಅಳತೆಗಳು ಮಕ್ಕಳಂತೆಯೇ ಇದ್ದವು. ಜ್ವರ ಬಂದ ವಾರ ಒಂದು ಕಿಲೋ ಇಳಿಯುತ್ತಿತ್ತು, ಸುಗ್ಗಿಯಲ್ಲಿ ಏರುತ್ತಿತ್ತು, ಒಂದೊಂದು ವರ್ಷ ಬೆಳವಣಿಗೆಯೇ ಇರದೆ ಮರುವರ್ಷ ದಿಢೀರನೆ ಏರುತ್ತಿತ್ತು. ಈ ಹುಡುಗಿಗೆ ಐದು ವರ್ಷಗಳಲ್ಲಿ ಒಂದು ನೆಗಡಿಯೂ ಬಂದಿರಲಿಲ್ಲ. ಪ್ರತಿದಿನವೂ ಅವಳು ಊರಿನ ಹೆಣ್ಣುಮಕ್ಕಳ ಸರಾಸರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿದ್ದಳು.

ಸರಾಸರಿಯು ಎಲ್ಲ ಮಕ್ಕಳಿಂದ ಹುಟ್ಟುತ್ತದೆ. ಯಾವ ಮಗುವೂ ಸರಾಸರಿಯಾಗಿ ಹುಟ್ಟುವುದಿಲ್ಲ. ಮೂಲ ಎಣಿಕೆಯ ದಿನ ಈ ಮಗುವನ್ನು ಯಾರೂ ತೂಗಿಲ್ಲ, ಅಳೆದಿಲ್ಲ, ಖಾಲಿ ಜಾಗವನ್ನು ಯಂತ್ರವು ತಾನೇ ತುಂಬಿಕೊಂಡಿದೆ ಎಂದು ಅವರಿಗೆ ತಿಳಿಯಿತು. ನಿಜವಾದ ಅಳತೆ ಸಿಕ್ಕರೆ ಉಳಿದ ದಿನಗಳಲ್ಲಾದರೂ ಆ ತಾಯಿಗೆ ಸರಿಯಾದ ಗೆರೆಯನ್ನು ತೋರಿಸೋಣವೆಂದು ಗುರುವಾರ ಹುಲಿಗೋನಾಳಕ್ಕೆ ಹೋದರು.

ಅಮರಮ್ಮ ಶೆಡ್ಡಿಗೆ ಹೋಗಿದ್ದಳು. ದುರುಗಮ್ಮ ಹೊಸ್ತಿಲ ಒಳಗೆ ಕಾಲು ಚಾಚಿ ಕುಳಿತಿದ್ದಳು. ನದಾಫರು ಚೌಕಟ್ಟಿನ ಗೀಟುಗಳನ್ನು ಕಂಡರು. ಸತ್ತ ಹುಡುಗಿಯ ಗೀಟುಗಳು ಒಂದಕ್ಕೊಂದು ಅಡ್ಡಾದಿಡ್ಡಿ ದೂರದಲ್ಲಿದ್ದವು. ಮೇಲಿನವು ಏಣಿಯ ಮೆಟ್ಟಿಲಿನಂತೆ ಒಂದೇ ಸಮ.

"ಅಮ್ಮ, ಎಣಿಕಿಗೆ ಬಂದ ದಿನ ಹುಡುಗಿ ಮನ್ಯಾಗ ಇರಲಿಲ್ಲೇನು? ಆಕಿ ತೂಕಾನ ಮಾಡಿಲ್ಲಲ್ಲ."

"ನೀ ಲೆಕ್ಕದ ಕೋಣ್ಯಾಗಿನಾವೇನು ಯಪ್ಪಾ?"

"ಹೌದಮ್ಮ."

"ನಮ್ಮ ಅಮರಿಗೆ ಗೆರಿ ತೋರ್ಸಾಂವ?"

"ನಾನ."

ಮುದುಕಿ ತೆವಳುತ್ತ ಒಳಗೆ ಹೋಗಿ, ಕಾಳಿನ ಗುಮ್ಮಿಯ ಹಿಂದಿನಿಂದ ಒಂದು ಗಂಟನ್ನು ಎಳೆದು ತಂದಳು. ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿದ ಗುಂಡುಕಲ್ಲು ಅದು, ಒಳಕಲ್ಲಿನಲ್ಲಿ ರುಬ್ಬುವ ಕಲ್ಲು. ಕಲ್ಲಿನ ನಡುವಿಗೆ ದಾರದಿಂದ ಬಿಗಿದು ಒಕ್ಕೂಟದ ಕಡಗವನ್ನು ಕಟ್ಟಿತ್ತು. ಕಡಗದ ಹಸಿರು ದೀಪ ಇನ್ನೂ ಮಿನುಗುತ್ತಿತ್ತು.

"ತೊಟ್ಲದಾಗ ಕೂಸಿನ್ನ ಹಾಕೂಕಿಂತ ಮೊದಲ ಇದನ್ನ ಮಲಗಿಸಿ ಹೆಸರು ಕರೀತೀವಿ, ಗೊತ್ತಲ್ಲ. ಗುಂಡಪ್ಪ, ಗುಂಡವ್ವ ಅಂತ. ಬರೂ ಕೆಟ್ಟ ಕಣ್ಣು ಮೊದಲ ಕಲ್ಲಿನ ಮ್ಯಾಲ ಬೀಳಲಿ ಅಂತ. ನನ್ನ ಹೊಟ್ಟ್ಯಾಗ ಐದು ಹುಟ್ಟಿದ್ವು ತಮ್ಮಾ. ಜನಗಣತಿ ಮಾಸ್ತರ ಬಂದು ಬೆರಳ ಮಾಡಿ ಎಣಿಸಿ ಹ್ವಾದ. ಆ ವರ್ಷನ ಎರಡು ಹ್ವಾದ್ವು. ಮತ್ತ ಎಣಿಸಿದ್ರು, ಮತ್ತೆರಡು. ತಿಮ್ಮ ಒಬ್ಬ ಉಳದ. ನಿಮ್ಮವರು ಬಂದು ಮಕ್ಕಳೆಷ್ಟು ಅಂದ್ರು. ಅಮರಿ ಶೆಡ್ಡಿನಾಗಿದ್ಲು, ಆಕಿನ್ನ ಅಲ್ಲೇ ತೂಗಿದ್ರು. ನಮ್ಮ ಈರಿನ್ನ ಎಣಿಕಿಗೆ ಕೊಡ್ಲ್ಯಾ? ಗುಂಡವ್ವ, ಐದು ವರ್ಷ, ಅವರ ಮಾವನ ಊರಿಗೆ ಹೋಗ್ಯಾಳ ಅಂದೆ. ಬರಕೊಂಡ್ರು."

"ಕಡಗ?"

"ಗುಂಡವ್ವನ ಹೆಸರಿಗೆ ಬಂತು. ಗುಂಡವ್ವಗ ಕಟ್ಟಿದೆ. ಈರಿಗೆ ಕಟ್ಟಿದ್ರ ಆಕಿನ್ನೂ ಎಣಿಸಿದಂಗ ಆಗ್ತಿತ್ತಲ್ಲ. ಅದು ಸಡ್ಲ ಆಗೈತಿ, ಸಣ್ಣದು ತರ್ತಾರಂತ, ಹಂಗಂತ ಅಮರಿಗೆ ಹೇಳಿದೆ."

ಅಷ್ಟರಲ್ಲಿ ಓಣಿಯ ತುದಿಯಲ್ಲಿ ನೀರಿನ ಬಂಡಿ ಕಾಣಿಸಿಕೊಂಡಿತು. ಮುದುಕಿ ಕಲ್ಲನ್ನು ಎರಡೂ ಕೈಗಳಿಂದ ಎತ್ತಿ ಹೊಸ್ತಿಲ ಹೊರಗೆ ಇಟ್ಟಳು. ಬಂಡಿ ಬಂದು, ಕಲ್ಲಿನ ಮುಂದೆ ನಿಂತಿತು. ಯಾರಾದರೂ ಸರಿಯಲೆಂದು ಕಾಯುವಂತೆ, ಸದ್ದಿಲ್ಲದೆ, ಮರ್ಯಾದೆಯಿಂದ ನಿಂತಿತು.

"ನೋಡು," ಎಂದಳು ದುರುಗಮ್ಮ. "ಕಲ್ಲಿಗೆ ನಿಲ್ತೈತಿ."

ನದಾಫರು ಕಲ್ಲನ್ನು ಎತ್ತಿ ಒಳಗಿಟ್ಟರು. ಬಂಡಿ ಮುಂದೆ ಹೋಯಿತು.

"ನಾನ ಕೊಂದೆ ತಮ್ಮಾ ಆಕಿನ್ನ. ತಿಂಗಳಿಗೊಮ್ಮಿ ಆಕಿ ಆ ಚೌಕಟ್ಟಿಗೆ ಗೀಟು ಹಾಕ್ತಾಳ. ಕಲ್ಲು ಬೆಳ್ಯಾಕತ್ತೈತಿ ಅಂತ ಬಾಯಿ ಬಿಟ್ಟು ಹ್ಯಾಂಗ ಹೇಳ್ಲಿ?"

"ಎಣಿಕ್ಯಾಗ ಇರಲಾರದವರು ಕಣ್ಣಿಗೆ ಬೀಳಲಾರದಂಥ ಬಂಡಿ ಮಾಡಿದವರು ನೀವಲ್ಲಮ್ಮ. ನಾವು."

"ಅದು ನಿನ್ನ ಪಾಲು. ನನ್ನ ಪಾಲು ನನಗ ಬಿಡು." ಅವಳು ಕಲ್ಲಿಗೆ ಮತ್ತೆ ಬಟ್ಟೆ ಸುತ್ತತೊಡಗಿದಳು. "ಆಕಿಗೆ ನೀ ಹೇಳಬ್ಯಾಡ. ಹೇಳೂದಿದ್ರ ನಾ ಹೇಳ್ತೀನಿ."

ನದಾಫರು ಈ ಸಂಗತಿಯನ್ನು ವಿಭಾಗದ ಮುಖ್ಯಸ್ಥೆ ಪ್ರೊ. ವಸುಂಧರಾ ಕಟ್ಟೀಮನಿಯವರಿಗೆ ಹೇಳಲೇಬೇಕಾಗಿತ್ತು; ಹೇಳಿದರು. ಆಕೆ ಕೆಟ್ಟವರಲ್ಲ. ಕೇಳಿ ಕಣ್ಣೊರೆಸಿಕೊಂಡರು. ಆಮೇಲೆ ಲೆಕ್ಕ ಮಾಡಿದರು.

"ಹಂಗಾದ್ರ ನೆರಳಿನಾಗ ಒಂದು ಸಾವಿರದ ಎಂಬತ್ತೈದು ಜನ. ವ್ಯತ್ಯಾಸ ಇಪ್ಪತ್ಮೂರು."

"ಹೌದು ಮೇಡಂ."

"ಮೂಲ ಎಣಿಕಿಯೊಳಗ ಇರಲಾರದವರ ಸಾವು ಅಧ್ಯಯನದ ಸಾವಲ್ಲ. ನಿಯಮ ನಾವು ಬರದದ್ದಲ್ಲ, ಒಕ್ಕೂಟದ್ದು. ನೆರವಿನಿಂದಾದ ಸಾವು ಸೊನ್ನೆ ಅಂತ ಆಗ್ತದ."

"ಹುಡುಗಿ ಸತ್ತಾಳ ಮೇಡಂ."

"ಗೊತ್ತದ ನದಾಫ್. ಆದರ ಆ ಒಂದು ಸಾವಿನ ಸಲುವಾಗೇ ನಲವತ್ತೊಂದು ಊರು ತೂಗಾಡಾಕತ್ತಾವ. ಸೊನ್ನೆ ಆದ್ರ ನಾಳೇ ಸಹಿ ಹಾಕ್ತಾರ. ಆ ಊರಾಗೂ ದುರುಗಮ್ಮನಂಥ ಮಂಡಿ ಅದಾವಲ್ಲ?"

ಅದು ಸುಳ್ಳಾಗಿರಲಿಲ್ಲ. ವರದಿಯ ಮೇಲೆ ಎರಡು ಸಹಿಗಳು ಬೇಕಾಗಿದ್ದವು, ಮುಖ್ಯಸ್ಥೆಯದು ಒಂದು, ಲೆಕ್ಕದವರದು ಒಂದು. ನದಾಫರು ಮೂರು ದಿನ ಸಹಿ ಹಾಕಲಿಲ್ಲ. ನಾಲ್ಕನೆಯ ದಿನ ಒಂದು ಷರತ್ತನ್ನು ಮುಂದಿಟ್ಟರು. ಇನ್ನು ಯಾವ ಊರಿನಲ್ಲಿಯೂ ಬಂಡಿಗಳು ಕಡಗವನ್ನು ನೋಡಿ ನಿಲ್ಲಕೂಡದು. ಎದುರಿಗೆ ಏನಿದ್ದರೂ, ಆಡಿದ್ದರೂ ಕೋಳಿಯಿದ್ದರೂ ನಿಲ್ಲಬೇಕು. ನೀರು ತಡವಾಗಲಿ. ಕಾರಣವನ್ನು ಬರೆಯುವುದು ಬೇಡ, ಬದಲಾವಣೆಯಷ್ಟೇ ಸಾಕು. ಒಕ್ಕೂಟವು ಎರಡು ದಿನಗಳಲ್ಲಿ ಒಪ್ಪಿತು. ಕಾರಣ ಬರೆಯದಿದ್ದ ಮೇಲೆ ಒಪ್ಪದಿರಲು ಅವರಿಗೂ ಕಾರಣವಿರಲಿಲ್ಲ. ನದಾಫರು ಸಹಿ ಹಾಕಿದರು. ಇಪ್ಪತ್ಮೂರು ಎಂದು ಅಚ್ಚಾಯಿತು.

ಜೂನ್ ಮೂವತ್ತು ಗುರುವಾರ. ನೋಡುವ ಹಕ್ಕಿನ ದಿನವಲ್ಲ. ಸಂಜೆ ಐದಕ್ಕೆ ನೆರಳೂರನ್ನು ಮುಚ್ಚಬೇಕಿತ್ತು. ನಾಲ್ಕೂವರೆಗೆ ಅಮರಮ್ಮ ಬಾಗಿಲಲ್ಲಿ ನಿಂತಳು. ಚಪ್ಪಲಿ ಕಳೆಯಲಿಲ್ಲ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡಂತೆ ಒಂದು ಗಂಟಿತ್ತು. ಅದನ್ನು ತಂದು ನದಾಫರ ಮೇಜಿನ ಮೇಲೆ ಇಟ್ಟು ಬಟ್ಟೆ ಬಿಚ್ಚಿದಳು.

"ನಮ್ಮತ್ತಿ ಹೇಳಿದ್ಲು," ಎಂದಳು.

ನದಾಫರು ಎದ್ದು ನಿಂತಿದ್ದರು.

"ಮೂರು ದಿನ ಆಕಿ ಕೂಡ ಮಾತಾಡಲಿಲ್ಲ. ನಾಲ್ಕನೇ ದಿನ ಆಕಿನ್ನ ಯಾರು ಬಚ್ಚಲಿಗೆ ಒಯ್ಯೋರು? ನಾನ ಒಯ್ದೆ." ಅವಳು ಕಲ್ಲನ್ನು ಅವರ ಕಡೆಗೆ ಸರಿಸಿದಳು. "ನಿಮ್ಮ ಲೆಕ್ಕದಾಗ ಇದ್ದಾಕಿ ಈಕಿ. ನಿಮ್ಮಾಕಿನ್ನ ನೀವು ಇಟ್ಕೋರಿ. ನನ್ನಾಕಿನ್ನ ಒಮ್ಮಿ ಎಣಿಸ್ರಿ ಸರ. ಬದುಕ್ಯಾಳಂತ ಬ್ಯಾಡ. ಸತ್ತಾಳಂತರ ಎಣಿಸ್ರಿ."

ಸುಳ್ಳು ಹೇಳುವುದು ಆಗ ಸುಲಭವಿತ್ತು. ನದಾಫರು ಹೇಳಲಿಲ್ಲ.

"ಎಣಿಸಿಲ್ಲಮ್ಮ. ವರದಿ ಹೋತು. ಸೊನ್ನೆ ಅಂತ ಹೋತು. ನಾನ ಸಹಿ ಮಾಡೀನಿ." ಏಕೆ ಮಾಡಿದರೆಂದೂ, ಏನನ್ನು ಪಡೆದರೆಂದೂ ಕೆಲವೇ ಮಾತುಗಳಲ್ಲಿ ಹೇಳಿದರು.

ಅವಳು ಪೂರ್ತಿ ಕೇಳಿದಳು. "ಎಲ್ಲಾರಿಗೂ ನಿಲ್ತಾವ?"

"ಎಲ್ಲಾರಿಗೂ. ಆಡಿಗೂ ನಿಲ್ತಾವ."

"ನಮ್ಮ ಓಣ್ಯಾಗ ಆಡಿಗೆ ನಿಂತ್ರ ನೀರು ಮುಟ್ಟೂದು ಸಂಜೀಕ." ಬಾಯಿಯ ಒಂದು ಮೂಲೆಯಲ್ಲಿ ನಗುವಿನಂಥದು ಬಂದು ಹೋಯಿತು. "ಆಗ್ಲಿ. ಕಾಯ್ತೀವಿ."

ಪರದೆಯ ಮೇಲೆ ಅರವತ್ತನಾಲ್ಕನೆಯ ಮನೆಯಲ್ಲಿ ಈಗ ಮೂರೇ ಆಳುಗಳಿದ್ದರು. ಅದರಲ್ಲಿ ಒಬ್ಬಳು ಅಮರಮ್ಮ. ಅವಳು ಅದನ್ನು ನೋಡಿದಳು, ತನ್ನ ಗೆರೆಯನ್ನು ತೆರೆಯಿರೆಂದು ಕೇಳಲಿಲ್ಲ. ಐದಕ್ಕೆ ನದಾಫರು ಗುಂಡಿ ಒತ್ತಿದರು. ಒಂದು ಸಾವಿರದ ಎಂಬತ್ತೈದು ಇದ್ದ ಕಡೆ ಏನೂ ಇಲ್ಲವಾಯಿತು.

ಅಮರಮ್ಮ ಬಾಗಿಲವರೆಗೆ ಹೋಗಿ ತಿರುಗಿದಳು.

"ನಂದೊಂದು ಬಾಕಿ ನಿಮ್ಮ ಮ್ಯಾಲ ಉಳದೈತಿ, ಸರ."

"ಉಳದೈತಿ, ಅಮ್ಮ. ಹ್ಯಾಂಗ ತೀರಸ್ಲಿ, ಹೇಳ್ರಿ."

"ತೀರಸಬ್ಯಾಡ್ರಿ," ಎಂದಳು. "ತೀರಿದ್ರ ಮರೀತೀರಿ."

ಅವಳು ಮೆಟ್ಟಿಲಿಳಿದು ಹೋದಳು. ಕಲ್ಲು ಮೇಜಿನ ಮೇಲೆ ಉಳಿಯಿತು. ಅದನ್ನು ಅಲ್ಲಿಂದ ಯಾರೂ ತೆಗೆಯಲಿಲ್ಲ.